ಇನ್ನೂ ಸ್ವಲ್ಪ ಕಡಿಮೆ

…ಇಲ್ಲ ಕಣೆ, ನಗಬೇಡ, ನಿಜವಾಗ್ಲೂ ಕಿವಿ ಮುಚ್ಕೊಂಡು ನಿಂತಿದ್ದೆ! ಎರಡೂ ಕೈಯಲ್ಲಿ! ಇಷ್ಟು ವಯಸ್ಸಾಗಿರೋ ಗಂಡಸು, ಕುತ್ತಿಗೇಲಿ ಐಡಿ ಕಾರ್ಡ್ ನೇತಾಕ್ಕೊಂಡು, ಯಾರೋ ಬಲೂನ್ ಒಡೀತಾರೆ ಅಂತ ಹೆದರಿರೋ ಮಗು ಥರ… ಆ ಹೊಸ ಮೇಡಂ ನನ್ನ ಮುಖಾನೇ ನೋಡ್ತಾ ಇದ್ರು. ನೋಡ್ಲಿ ಬಿಡು. ಸರ್ವರ್‌ಗಳ ಒಂದು ಸಾಲು ಪೂರ್ತಿ ಬಿದ್ರೆ ಆ ಹಾಲ್ ಹೇಗಾಗುತ್ತೆ ಅಂತ ಅವರಿಗೇನು ಗೊತ್ತು? ಮೊನ್ನೆ ಮೊನ್ನೆ ಬಂದೋರು.

ಇರು, ಶೂ ಬಿಚ್ತೀನಿ ಮೊದಲು. ಅಬ್ಬಬ್ಬಾ… ಈ ಕಾಲು ನನ್ನದಲ್ಲ ಇವತ್ತು. ಸೊಂಟಾನೂ ನನ್ನದಲ್ಲ. ಟೀಗೆ ಇಟ್ಟಿದೀಯಾ? ತಟ್ಟು ನೋಡೋಣ… ಹಾಂ, ಒಂದು ಸಲ. ನೋಡು, ಎಷ್ಟು ಚೆನ್ನಾಗಿ ಕಲ್ತ್ಕೊಂಡ್ವಿ ನಾವಿಬ್ರೂ! ಲೋಟಕ್ಕೆ ಚಮಚದಲ್ಲಿ ಒಂದು ಸಲ ತಟ್ಟಿದ್ರೆ ಹೂಂ, ಎರಡು ಸಲ ತಟ್ಟಿದ್ರೆ ಉಹೂಂ. ನಿನ್ನ ಗಂಟಲು ಆಪರೇಷನ್ ಆಗಿ ಡಾಕ್ಟ್ರು ಮಾತು ನಿಲ್ಲಿಸಿ ಅಂದಾಗ, ಆಯ್ತು, ಇವಳಿಗೆ ಹುಚ್ಚು ಹಿಡಿಯುತ್ತೆ, ಇವಳಿಂದ ನನಗೂ ಹಿಡಿಯುತ್ತೆ ಅಂದ್ಕೊಂಡಿದ್ದೆ. ಪಿಸುಗುಟ್ಟೋ ಹಾಗೂ ಇಲ್ಲ ಅಂದ್ಬಿಟ್ರಲ್ಲ! ಬೆಳಗಿಂದ ಸ್ಟೇಷನ್ ಮೈಕ್ ಮುಂದೆ ಕೂತು ಊರಿಗೆಲ್ಲ ರೈಲು ಯಾವಾಗ ಬರುತ್ತೆ ಅಂತ ಹೇಳ್ತಿದ್ದೋಳು… ಆಮೇಲೆ ಮನೆಗೆ ಬಂದು ನಾನು ಯಾವಾಗ ಏಳ್ಬೇಕು, ಯಾವಾಗ ಉಣ್ಬೇಕು ಅಂತ ನನಗೆ ಹೇಳ್ತಿದ್ದೋಳು… ಯಾಕೆ ಮೂತಿ ತಿರುವ್ತೀಯ? ತಮಾಷೆಗಂದೆ ಮಾರಾಯ್ತಿ.

ಅಯ್ಯೋ, ಉರಿ! ಉರಿ ನೋಡು, ಎಷ್ಟು ದೊಡ್ಡದಿಟ್ಟಿದೀಯ, ಪಾತ್ರೆ ಸುತ್ತ ಮೇಲಕ್ಕೆ ಬರ್ತಿದೆ! ಸಣ್ಣ ಮಾಡು. ಇನ್ನೂ ಸ್ವಲ್ಪ… ಮಾಡಲ್ವಾ? ಸರಿ ಬಿಡು, ನಿನ್ನ ಅಡುಗೆಮನೆ, ನಿನ್ನ ಉರಿ. ಉಕ್ಕಿದ್ರೆ ಮಾತ್ರ ನನ್ನ ಕೇಳ್ಬೇಡ.

ಅಂದ ಹಾಗೆ, ನಿನ್ನ ಫೋನ್ ಎಲ್ಲಿ? ಬೆಳಿಗ್ಗೆ ಇಲ್ಲೇ ಮರೆತು ಹೋಗಿದ್ದೆ ಕಣೆ. ದಿನಾ ಜೇಬಿಗೆ ಹಾಕ್ಕೊಂಡು ಹೋಗ್ತೀನಿ, ನಿನಗೆ ಬರೋ ಫೋನಿಗೆಲ್ಲ ನಾನೇ ಉತ್ತರ ಕೊಡ್ತೀನಿ, ನಿಮ್ಮಮ್ಮಂಗೆ, ನಿನ್ನ ತಮ್ಮಂಗೆ… ಇವತ್ತು ಮೇಡಂ ಬೇಗ ಬನ್ನಿ ಅಂದಿದ್ರು ನೋಡು, ಆ ಗಡಿಬಿಡೀಲಿ ಬಿಟ್ಟೆ. ಅರ್ಧ ದಾರಿಗೆ ಹೋದ ಮೇಲೆ ಜೇಬು ಮುಟ್ಟಿ ನೋಡ್ಕೊಂಡ್ರೆ ನನ್ನದೊಂದೇ! ಬಸ್ ಇಳಿದು ವಾಪಸ್ ಬರೋಕೆ ಹೊರಟಿದ್ದೆ… ಅಂದ್ರೆ, ಹಾಗೇನಿಲ್ಲ. ಯಾರಾದ್ರೂ ಫೋನ್ ಮಾಡಿದ್ರಾ? … ತಟ್ಟು. ಮಾಡಿದ್ರಾ ಇಲ್ವಾ? … ಹೆಗಲು ಕುಣಿಸಿದ್ರೆ ನನಗೇನು ಅರ್ಥ ಆಗ್ಬೇಕು? ಹೋಗ್ಲಿ. ಯಾರು ಮಾಡ್ತಾರೆ, ಎಲ್ಲರಿಗೂ ಗೊತ್ತಲ್ಲ ನೀನು ಮಾತಾಡೋ ಹಾಗಿಲ್ಲ ಅಂತ.

ಟೀ ಚೆನ್ನಾಗಿದೆ. ಗಟ್ಟಿಯಾಗಿದೆ ಇವತ್ತು. ಆಹಾ.

ಎಲ್ಲಿದ್ದೆ? ಹಾಂ, ಮೇಡಂ. ನಿನಗೆ ಗೊತ್ತಲ್ಲ ನನ್ನ ಕೆಲಸ… ಗೊತ್ತಿಲ್ವಾ? ಎರಡು ಸಲ ತಟ್ತೀಯಲ್ಲೇ! ಮದುವೆ ಆಗಿ ಇಷ್ಟು ವರ್ಷ ಆಯ್ತು, ಗಂಡ ಏನು ಕೆಲಸ ಮಾಡ್ತಾನೆ ಅಂತ ಗೊತ್ತಿಲ್ಲ! ಸರಿ, ಕೇಳು, ಇವತ್ತಾದ್ರೂ ಕೇಳು. ಮಧ್ಯೆ ಬಾಯಿ ಹಾಕೋಕೆ ಹೇಗೂ ಆಗಲ್ಲ ನಿನಗೆ. ಒಂದು ದೊಡ್ಡ ಹಾಲ್. ಕಿಟಕಿ ಇಲ್ಲ. ಬೀರು ಥರ ಎತ್ತರದ ರ‍್ಯಾಕ್‌ಗಳು ಸಾಲಾಗಿ ನಿಂತಿವೆ, ಒಂದೊಂದು ರ‍್ಯಾಕಲ್ಲೂ ಮೇಲಿಂದ ಕೆಳಗೆ ಸರ್ವರ್‌ಗಳು. ಒಂದೊಂದು ಸಾಲಿಗೂ ಇಷ್ಟೇ ಕರೆಂಟು ಅಂತ ಇದೆ. ಅದಕ್ಕಿಂತ ಎಳೆದ್ರೆ ಬ್ರೇಕರ್ ಬೀಳುತ್ತೆ, ಇಡೀ ಸಾಲು ಸತ್ತ ಹಾಗೆ. ಆದ್ರೆ ನಮ್ಮ ಕಂಪನಿಯೋರು ಏನು ಮಾಡಿದಾರೆ? ಆ ಕರೆಂಟಿಗೆ ಹಿಡಿಸೋದಕ್ಕಿಂತ ಜಾಸ್ತಿ ಸರ್ವರ್ ತುಂಬಿಟ್ಟಿದಾರೆ. ಎಲ್ಲ ಒಂದೇ ಸಲ ಜೋರಾಗಿ ಕೆಲಸ ಮಾಡಲ್ಲ ಬಿಡು ಅನ್ನೋ ಧೈರ್ಯ! ಎಲ್ಲ ಒಂದೇ ಸಲ ಎದ್ರೆ? ಅದಕ್ಕೇ ನಾನಿರೋದು. ಒಂದೊಂದಕ್ಕೂ ಲಿಮಿಟ್ ಹಾಕ್ತೀನಿ. ನೀನು ಇಷ್ಟು ವ್ಯಾಟ್ ಮೇಲೆ ತಿನ್ನೋ ಹಾಗಿಲ್ಲ ಅಂತ. ಲಿಮಿಟ್ ಮುಟ್ಟಿದ್ರೆ ಅದು ನಿಲ್ಲಲ್ಲ, ನಿಧಾನ ಆಗುತ್ತೆ, ಅಷ್ಟೇ. ಕೆಲಸ ಆಗುತ್ತೆ, ತಡವಾಗಿ ಆಗುತ್ತೆ.

ಅದರಲ್ಲಿ ಚೆಂದ ಏನು ಗೊತ್ತಾ? ಯಾರಿಗೂ ಗೊತ್ತಾಗಲ್ಲ. ಸರ್ವರ್ ಬಾಡಿಗೆಗೆ ತಗೊಂಡೋರಿಗೂ ಗೊತ್ತಾಗಲ್ಲ. ಹೇಳಬಾರದು ಅಂತಾನೇ ಇದೆ ನಮ್ಮಲ್ಲಿ. ಹೇಳಿದ್ರೆ ಗಲಾಟೆ. ಹೇಳದಿದ್ರೆ, ಏನೋ ಇವತ್ತು ಸ್ವಲ್ಪ ಮಂದ, ನಾಳೆ ಸರಿ ಹೋಗುತ್ತೆ ಅಂತ ಸುಮ್ನಿರ್ತಾರೆ.

ಏನು, ಹಾಗೆ ನೋಡ್ತೀಯ?

ಹೂಂ, ಈಗ ನನ್ನ ಬುದ್ಧಿ. ನಿನಗೆ ಹೇಳ್ಬೇಕಾ? ಸರ್ವರ್ ಮಾಡಿದೋರು ಇಷ್ಟು ಅಂತ ಒಂದು ಲಿಮಿಟ್ ಹೇಳಿರ್ತಾರೆ. ಕಂಪನಿ ಅದಕ್ಕಿಂತ ಸ್ವಲ್ಪ ಕಡಿಮೆ ಇಡು ಅನ್ನುತ್ತೆ. ನಾನು ಕಂಪನಿ ಹೇಳಿದ್ದಕ್ಕಿಂತ ಇನ್ನೂ ಸ್ವಲ್ಪ ಕಡಿಮೆ ಇಡ್ತೀನಿ. ಯಾರೂ ಹೇಳಿಲ್ಲ ನನಗೆ. ನನ್ನ ಸಮಾಧಾನಕ್ಕೆ… ನಗು, ನಗು! ನಮ್ಮ ಮನೆ ಗಡಿಯಾರ ಊರಿಗಿಂತ ಮುಂದೆ ಓಡೋದು ಯಾಕೆ? ನಾನೇ. ರೈಲು ಹಿಡಿಯೋಕೆ ಬಂದ ನಿಮ್ಮಮ್ಮ ಎಷ್ಟು ಹೊತ್ತು ಪ್ಲಾಟ್‌ಫಾರ್ಮಲ್ಲಿ ಕೂತು ನನಗೆ ಶಾಪ ಹಾಕಿದ್ರು! ಅದೂ ಮಗಳೇ ಮೈಕಲ್ಲಿ ಕೂತು, ನಿಮ್ಮ ಗಾಡಿ ಇನ್ನೂ ಹೊರಟೇ ಇಲ್ಲ ಅಂತ ಹೇಳ್ತಿರುವಾಗ! ಗೀಸರ್ ಅರ್ಧಕ್ಕೇ ನಿಲ್ಸೋದು ಯಾರು? ಸ್ಕೂಟರ್ ಟ್ಯಾಂಕ್ ಅರ್ಧ ಆಗೋಕೆ ಮುಂಚೆ ಬಂಕಿಗೆ ಓಡೋದು ಯಾರು? ಹಾಲಿನ ಪ್ಯಾಕೆಟ್ ಮೇಲೆ ಹಾಕಿರೋ ತಾರೀಖಿನ ಹಿಂದಿನ ದಿನವೇ ಹಾಲು ಚೆಲ್ಲಿ ನಿನ್ನ ಕೈಯಲ್ಲಿ ಬೈಸ್ಕೊಂಡೋನು ಯಾರು? ಆಗೆಲ್ಲ ನೀನೇನಂತಿದ್ದೆ… ‘ನಿಮಗೆ ಕೊಟ್ಟಿರೋ ಆಯಸ್ಸಲ್ಲೂ ಹತ್ತು ವರ್ಷ ಮಿಗಿಸಿ ವಾಪಸ್ ಕೊಡ್ತೀರಾ’ ಅಂತ!

ಚೆನ್ನಾಗಿ ಅಂತಿದ್ದೆ. ಆ ಧ್ವನೀಲಿ ಬೈಸ್ಕೊಳ್ಳೋಕೂ ಒಂಥರಾ… ಬಿಡು.

ಇವತ್ತೇನಾಯ್ತಪ್ಪ ಅಂದ್ರೆ. ನಮ್ಮ ಸರ್ವರ್ ಬಾಡಿಗೆಗೆ ತಗೊಂಡೋರಲ್ಲಿ ಕಾರ್ಟೂನ್ ಮಾಡೋರು ಒಬ್ರಿದಾರೆ. ಮಕ್ಕಳ ಸಿನಿಮಾ. ಒಂದು ಮೊಲ, ಅದರ ಮೈಮೇಲಿರೋ ಒಂದೊಂದು ಕೂದಲೂ ಅಲ್ಲಾಡಬೇಕು, ಅದಕ್ಕೆ ರಾಶಿ ಸರ್ವರ್ ಬೇಕು. ಆ ಮನುಷ್ಯ ಬೆಳಗಾದ್ರೆ ಫೋನು. ‘ಸಾರ್, ನಮ್ಮ ಮೊಲ ಇನ್ನೂ ಎದ್ದಿಲ್ಲ ಸಾರ್.’ ‘ಸಾರ್, ಒಂದು ಕಿವಿ ಅಲ್ಲಾಡಿಸಿತು ಸಾರ್, ಇನ್ನೊಂದು ಇನ್ನೂ ಬಂದಿಲ್ಲ.’ ನಾನೇನು ಹೇಳ್ತಿದ್ದೆ? ನೆಟ್‌ವರ್ಕ್ ಇರಬೇಕು ಸಾರ್. ನಿಮ್ಮ ಕಡೆ ಲೈನ್ ನೋಡಿಸಿ ಸಾರ್. ಪಾಪ, ಅವನು ತನ್ನ ಆಫೀಸಿನ ವೈರ್ ಎಲ್ಲ ಕಿತ್ತು ಹೊಸದಾಗಿ ಹಾಕಿಸ್ದ! ಆಮೇಲೂ ಮೊಲ ಮಲಗೇ ಇತ್ತು.

ನಗ್ತಿಲ್ಲ ನೀನು. ಈ ಮೊಲದ ಕಥೆಗೆ ನಗ್ತೀಯ ಅಂದ್ಕೊಂಡಿದ್ದೆ.

ಕೊನೆಗೆ ಅವನು ಮೇಲಿನೋರಿಗೆ ದೂರು ಕೊಟ್ಟ. ಅವರು ಈ ಮೇಡಮ್ಮನ್ನ ಕಳ್ಸಿದ್ರು. ಸಣ್ಣ ವಯಸ್ಸು ಕಣೆ, ನಿನ್ನ ತಮ್ಮನ ವಾರಿಗೆ. ಒಂದು ಮಾತು ಜೋರಾಗಿ ಆಡಲ್ಲ. ಮಧ್ಯಾಹ್ನ ನನ್ನ ಸರ್ವರ್ ಹಾಲಿಗೆ ಕರ್ಕೊಂಡು ಹೋದ್ರು. ‘ಸಾರ್, ಈ ಸಾಲಿಗೆ ನೀವು ಹಾಕಿರೋ ಲಿಮಿಟ್ ತೆಗೀತೀನಿ. ಕಂಪನಿ ಹೇಳಿರೋ ಮಟ್ಟಕ್ಕೆ ತರ್ತೀನಿ, ಅಷ್ಟೇ’ ಅಂದ್ರು. ನಾನು ಬೇಡ ಮೇಡಂ, ಬೀಳುತ್ತೆ ಮೇಡಂ, ಸ್ವಲ್ಪ ಸ್ವಲ್ಪವಾಗಿ ಮಾಡೋಣ ಮೇಡಂ… ಮುಂದಿನ ವಾರ… ಎಷ್ಟು ಹೇಳ್ದೆ! ಅವರು ಬಟನ್ ಒತ್ತೇಬಿಟ್ರು. ಆಗ ಮುಚ್ಕೊಂಡಿದ್ದು ಕಿವಿ.

ಫ್ಯಾನ್‌ಗಳೆಲ್ಲ ಎದ್ವು ನೋಡು! ಸಾಲಿನ ಈ ತುದಿಯಿಂದ ಆ ತುದಿಗೆ… ಗುಂಯ್… ನಾನು ಆ ಹಾಲಲ್ಲಿ ಅಂಥ ಸದ್ದು ಕೇಳೇ ಇಲ್ಲ. ನೆಲ ಅದುರ್ತಿತ್ತು. ಈಗ ಬೀಳುತ್ತೆ, ಈಗ ಬೀಳುತ್ತೆ ಅಂತ ಬ್ರೇಕರ್ ಕಡೆ ನೋಡ್ತಾ ನಿಂತೆ.

ಬೀಳಲಿಲ್ಲ ಕಣೆ.

ಒಂದೂ ಬೀಳಲಿಲ್ಲ. ಬಿಸಿ ಆದ್ವು, ಗಲಾಟೆ ಮಾಡಿದ್ವು, ಆಮೇಲೆ ಅವಷ್ಟಕ್ಕೆ ಅವು ಕೆಲಸ ಮಾಡ್ಕೊಂಡು ಹೋದ್ವು. ಆ ಮೊಲದವನ ಫೋನ್ ಬಂತು. ‘ಸಾರ್! ಎದ್ದು ಕುಣೀತಿದೆ ಸಾರ್!’ ಅಂತ ಕಿರುಚ್ತಾನೆ. ಮೇಡಂ ನನ್ನ ಕಡೆ ತಿರುಗಿ ಕೇಳಿದ್ರು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ‘ಸಾರ್, ಇವಕ್ಕೆ ಶಕ್ತಿ ಇತ್ತಲ್ಲ… ನೀವ್ಯಾಕೆ ಇಷ್ಟು ದಿನ ಹಿಡಿದಿಟ್ಕೊಂಡಿದ್ರಿ?’

ಮೂರು ಸಲ ಕನ್ನಡಕ ಒರೆಸ್ಕೊಂಡೆ.

ಕಿಟಕಿ ಯಾಕೆ ತೆಗೆದಿದೀಯ? ಮುಚ್ಚಲಾ? ಈಗ ಸಂಜೆ ಗಾಡಿ ಹೊತ್ತು, ಆ ಯಂತ್ರದಮ್ಮ ಶುರು ಮಾಡ್ತಾಳೆ… ಎರಡು ಸಲ. ಬೇಡ್ವಾ? ಸರಿ. ನಿನಗೆ ಬೇಜಾರಾಗುತ್ತೆ ಅಂತ ನಾನು ಮುಚ್ಚೋದು. ಸ್ಟೇಷನ್ ಬೆನ್ನಿಗೇ ಮನೆ ಮಾಡಿದ್ರೆ ಇನ್ನೇನಾಗುತ್ತೆ! ಹೆಡ್ಡಾಫೀಸಿಂದ ಯಾರದ್ದೋ ಧ್ವನಿ ತಂದು ತುಂಬಿದಾರೆ. ‘ಪ್ರಯಾಣಿ… ಕರ ಗಮ… ನಕ್ಕೆ.’ ಉಸಿರೇ ಇಲ್ಲ ಅದಕ್ಕೆ! ಮೊನ್ನೆ ಸ್ಟೇಷನ್ ಹತ್ರ ಒಬ್ಬ ಮುದುಕ ಕೇಳ್ತಿದ್ದ, ಆ ಹೆಣ್ಣುಮಗಳು ಎಲ್ಲಿ ಹೋದ್ಲಪ್ಪ, ಅವಳು ಹೇಳಿದ್ರೆ ಗಾಡಿ ತಡ ಆದ್ರೂ ಬೇಜಾರಾಗ್ತಿರಲಿಲ್ಲ ಅಂತ. ನಿನಗೆ ಹೇಳಿದ್ನಾ ಇದನ್ನ? … ಹೇಳಿರಲಿಲ್ಲ. ಮರೆತೆ.

ಕಾಯ್ತಾರೆ ಬಿಡು. ಸ್ಟೇಷನ್ ಸಾಹೇಬ್ರಿಗೆ ಅವಸರ ಏನಿಲ್ಲ. ನಿಧಾನಕ್ಕೆ ಬರ್ಲಿ ಅಂದಿದಾರೆ. ಪೂರ್ತಿ ವಾಸಿ ಆಗ್ಲಿ ಅಂದಿದಾರೆ.

ನೀನು ಇವತ್ತು ಕೇಳ್ಲೇ ಇಲ್ಲ. ದಿನಾ ನಾನು ಒಳಗೆ ಕಾಲಿಡೋದೇ ತಡ, ಬೆರಳು ಎತ್ತಿ ಆಡಿಸ್ತಿದ್ದೆ, ಎಷ್ಟು ದಿನ, ಇನ್ನೆಷ್ಟು ದಿನ ಅಂತ. ನಾನು ಡಾಕ್ಟ್ರು ಹೇಳ್ಬೇಕಲ್ಲ ಅಂತಿದ್ದೆ. ಇವತ್ತು ಬೆರಳೇ ಎತ್ತಿಲ್ಲ. ಆದ್ರೂ ಹೇಳ್ತೀನಿ, ನಿನ್ನೆ ಆಸ್ಪತ್ರೆಗೆ ಫೋನ್ ಮಾಡಿದ್ದೆ ಕಣೆ. ಆ ಸಿಸ್ಟರ್ ಎತ್ತಿದ್ರು, ದಪ್ಪ ಕನ್ನಡಕದೋರು. ಅವಸರ ಮಾಡ್ಬೇಡಿ ಅಂದ್ರು. ಗಾಯ ಒಣಗಿರುತ್ತೆ, ಆದ್ರೂ ಒಳಗೆ ಹಸಿ ಇರುತ್ತೆ ಅಂದ್ರು. ಡಾಕ್ಟ್ರೂ ಅದನ್ನೇ ಅಂದ್ರಂತೆ. ಇನ್ನೊಂದು ವಾರ… ಎರಡು ವಾರ ಅಂತಾನೇ ಇಟ್ಕೋ. ಮಾತಾಡಿ ಕೆಡಿಸ್ಕೊಳ್ಳೋದಕ್ಕಿಂತ… ಅಲ್ವಾ? ಏನಂತೀಯ?

ತಟ್ಟು.

ತಟ್ಟೇ.

…ಬೇಡ ಬಿಡು. ಸುಸ್ತಾಗಿದೆ ನಿನಗೂ.

ಅಲ್ಲ, ಆ ಮೇಡಮ್ಮಿಗೆ ನಾನು ಹೇಳ್ಬೇಕಿತ್ತು ಒಂದು ಮಾತು. ಆಗ ಬಾಯಿಗೆ ಬರಲಿಲ್ಲ, ಬಸ್ಸಲ್ಲಿ ಬಂತು. ಮೇಡಂ, ನೀವು ಸಾಲು ಬಿದ್ದಿದ್ದನ್ನ ನೋಡಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ನೋಡಿದೀನಿ. ಯಾರ ತಪ್ಪೂ ಇರಲಿಲ್ಲ, ಹೊರಗಿನ ಲೈನ್ ಕೈ ಕೊಡ್ತು. ಢಂ ಅಂತ ಸದ್ದಾಗುತ್ತೆ ಅಂದ್ಕೊಂಡಿದೀರಾ? ಸದ್ದು ನಿಲ್ಲುತ್ತೆ. ಅಷ್ಟೇ. ಗುಂಯ್ ಅಂತಿದ್ದ ಫ್ಯಾನ್‌ಗಳು ಒಂದೊಂದಾಗಿ ಇಳಿದು ಇಳಿದು… ನಿಂತ್ಬಿಡ್ತವೆ. ನಮ್ಮ ಉಸಿರು ನಮಗೇ ಕೇಳುತ್ತೆ. ಆ ನಿಶ್ಶಬ್ದ ಇದೆಯಲ್ಲ, ಅದು ಮನೆ ತನಕ ಜೊತೆಗೇ ಬರುತ್ತೆ. ಆವತ್ತಿಂದ ನಾನು ಇನ್ನೂ ಸ್ವಲ್ಪ ಕಡಿಮೆ, ಇನ್ನೂ ಸ್ವಲ್ಪ ಕಡಿಮೆ…

ಇನ್ನೊಂದು ಸಲಾನೂ ಕೇಳಿದೀನಿ ಅದನ್ನ. ನಿನಗೆ ಹೇಳಿಲ್ಲ. ನಿನ್ನ ಆಪರೇಷನ್‌ಗೆ ಮುಂಚೆ, ಒಂದಿನ ನನಗೆ ರಜಾ, ತಾರಸಿ ಮೇಲೆ ಬಟ್ಟೆ ಒಣಗಹಾಕ್ತಿದ್ದೆ. ನೀನು ಮೈಕಲ್ಲಿ… ‘ಪ್ರಯಾಣಿಕರ ಗಮನಕ್ಕೆ, ಎರಡನೇ ಪ್ಲಾಟ್…’ ಅಂದೆ. ನಿಂತುಹೋಯ್ತು. ಮತ್ತೆ ಶುರು ಮಾಡಿದೆ, ಕರ್ ಅಂತು. ಆಮೇಲೆ ಏನೂ ಇಲ್ಲ. ಮೈಕ್ ಆನ್ ಇತ್ತು, ನೀನು ಉಸಿರಾಡೋದು ಇಡೀ ಬೀದಿಗೆ ಕೇಳ್ತಿತ್ತು. ಕೈಯಲ್ಲಿದ್ದ ಬಟ್ಟೆ ಹಿಂಡ್ತಾನೇ ಇದ್ದೆ, ನೀರೆಲ್ಲ ಇಳಿದ ಮೇಲೂ ಹಿಂಡ್ತಿದ್ದೆ. ಓಡಿ ಬರ್ಬೇಕಿತ್ತು ಅಲ್ಲಿಗೆ. ಬರಲಿಲ್ಲ. ಹೆದರ್ಕೆ ಆಯ್ತು ಕಣೆ. ನಿನ್ನ ಮುಖ ನೋಡೋಕೆ ಹೆದರ್ಕೆ ಆಯ್ತು.

ಯಾಕೆ ಅಳ್ತೀಯ? ಅಳ್ತಿಲ್ವಾ? ಮತ್ತೆ ಕಣ್ಣು ಹಾಗಿದೆಯಲ್ಲ…

ಅಲ್ಲ, ನೀನು ಎಲ್ಲಿಗಾದ್ರೂ ಹೋಗಿದ್ಯಾ ಇವತ್ತು? ತಲೆ ಬಾಚಿದೀಯ. ಮದುವೆ ಮನೆಗೆ ಹೋಗೋವಾಗ ಹಾಕೋ ಓಲೆ. ಬಾಗಿಲ ಹತ್ರ ನಿನ್ನ ಚಪ್ಪಲಿ ಕೆಸರಾಗಿತ್ತು, ಆಗ್ಲೇ ನೋಡ್ದೆ, ಕೇಳೋಣ ಅಂತಿದ್ದೆ. ಅಂಗಡಿಗೆ ಹೋಗಿದ್ಯಾ? … ಎರಡು ಸಲ. ಪಕ್ಕದ ಮನೆಗೆ? … ಅದೂ ಅಲ್ಲ. ಮತ್ತೆಲ್ಲಿಗೆ? ಒಬ್ಬಳೇ ಹೋಗ್ಬಾರ್ದು ಕಣೆ, ಯಾರಾದ್ರೂ ಏನಾದ್ರೂ ಕೇಳಿದ್ರೆ ಬಾಯಿ ತೆರೆದ್ಬಿಡ್ತೀಯ, ಅಭ್ಯಾಸ ಬಲ… ಫೋನ್ ಬಂದಿತ್ತಾ? ನಿಜ ಹೇಳು. ಯಾರದ್ದು? ಆಸ್ಪತ್ರೆಯಿಂದಾ?

ತಟ್ಟಬೇಡ. ಒಂದು ನಿಮಿಷ ತಟ್ಟಬೇಡ.

ಹಾ, ಬಂತು ನೋಡು ಟಿಂಗ್ ಟಾಂಗ್! ಸದ್ಯ. ಈಗ ಕೇಳು ನಿನ್ನ ಸವತಿ ಹೇಗೆ ಓದ್ತಾಳೆ ಅಂತ, ಒಂದೊಂದು ಅಕ್ಷರಾನೂ ಬೇರೆ ಬೇರೆ ಡಬ್ಬಿಯಿಂದ ತೆಗೆದ ಹಾಗೆ…

…ತಾಳು.

ತಾಳು ತಾಳು. ಇದು ಅವಳಲ್ಲ. ಇದು ಬೇರೆ ಯಾರೋ… ಧ್ವನಿ ದಪ್ಪಗಿದೆ. ಅಂಚಲ್ಲಿ ಸ್ವಲ್ಪ ಒರಟು. ಆದ್ರೆ ಊರಿನ ಹೆಸರು ಹೇಳೋಕೆ ಮುಂಚೆ ಒಂದು ಚೂರು ನಿಲ್ಲೋದು… ‘ಬರಲಿದೆ’ ಅಂತ ಕೊನೇಲಿ ಮೆಲ್ಲಗೆ ಕೆಳಗಿಳಿಸೋದು… ಹಾಗೆ ಇಳಿಸೋರು…

ನೀನು.

ಇದು ನೀನು! ನೀನು ಇಲ್ಲಿ ಕೂತಿದೀಯ, ತುಟಿ ಬಿಗಿ ಹಿಡ್ಕೊಂಡು, ಕೈಯಲ್ಲಿ ಚಮಚ ಹಿಡ್ಕೊಂಡು… ಅಲ್ಲಿ ಇಡೀ ಸ್ಟೇಷನ್ನಿಗೆ… ಇವತ್ತೇ ಹೋಗಿ ಹೇಳಿ ಬಂದ್ಯಾ? ಆ ಯಂತ್ರದೊಳಗೆ ನಿನ್ನ ಧ್ವನಿ ತುಂಬಿಸಿ ಬಂದ್ಯಾ? ಸಾಹೇಬ್ರು ಫೋನ್ ಮಾಡಿದ್ರಾ ಕೊನೆಗೆ, ಇವತ್ತೇ ಕಡೇ ದಿನ ಅಂತ? ಇವತ್ತು ಬರದಿದ್ರೆ ಹೆಡ್ಡಾಫೀಸಿನ ಧ್ವನೀನೇ ಖಾಯಂ ಮಾಡ್ತೀವಿ ಅಂತ? ನಿನಗೇ ಹೇಳಿದ್ರಾ?

ನನಗೂ ಹೇಳಿದ್ರು. ಆವತ್ತೊಂದಿನ ನಿನ್ನ ಫೋನಿಗೆ ಮಾಡಿದಾಗ ನಾನೇ ಎತ್ತಿದ್ದೆ, ಆಗ್ಲೇ ಹೇಳಿದ್ರು.

ಹಾಗೆ ನೋಡಬೇಡ. ಸುಮ್ನೆ ಕೂತು ಹಾಗೆ ನೋಡಬೇಡ, ಬೈಯಾದ್ರೂ ಬೈ! … ಸರಿ. ಸಿಸ್ಟರ್ ಯಾವತ್ತೋ ಹೇಳಿದ್ರು ಕಣೆ. ಗಾಯ ವಾಸಿ ಆಗಿದೆ, ಇನ್ಮೇಲೆ ಮಾತಾಡಿಸಿ, ಸುಮ್ನಿದ್ರೇನೇ ಗಂಟಲು ಜಡ್ಡುಗಟ್ಟುತ್ತೆ ಅಂದ್ರು. ಆದ್ರೆ ಮೊದಲಿನ ಧ್ವನಿ ಬರಲ್ಲ, ಬೇರೆ ಥರ ಇರುತ್ತೆ, ಎಷ್ಟು ಬೇರೆ ಅಂತ ಮಾತಾಡಿದ ಮೇಲೇ ಗೊತ್ತಾಗೋದು ಅಂದ್ರು. ನಾನು ಸರಿ ಸಿಸ್ಟರ್ ಅಂದೆ. ಮನೆಗೆ ಬಂದೆ. ನೀನು ಬಾಗಿಲಲ್ಲೇ ಬೆರಳೆತ್ತಿ ನಿಂತಿದ್ದೆ. ಇನ್ನೊಂದು ವಾರ ಅಂತೆ ಅಂದ್ಬಿಟ್ಟೆ. ನಾಳೆ ಹೇಳೋಣ ಅಂತ. ನಾಳೆ ಬಂದಾಗ ಇನ್ನೂ ಸ್ವಲ್ಪ…

ನಿನ್ನ ಬಾಯಿಂದ ಮೊದಲ ಮಾತು ಒಡೆದು ಬಂದ್ರೆ ಏನು ಮಾಡ್ಲಿ ಅಂತ. ನೀನು ನನ್ನ ಮುಖಾನೇ ನೋಡ್ತೀಯಲ್ಲ ಆಗ, ಹೇಗಿದೆ ಅಂತ! ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೀನಿ ಕಣೆ, ಏನೂ ಆಗಿಲ್ಲ ಅನ್ನೋ ಮುಖಾನ. ಬರಲಿಲ್ಲ ನನಗೆ. ನಿನಗೋಸ್ಕರ ಅಂತ ನನಗೆ ನಾನೇ ಹೇಳ್ಕೊಂಡೆ. ನಿನಗೋಸ್ಕರ ಅಲ್ಲ.

ಎರಡನೇ ಸಲ ಹೇಳ್ತಿದೆ, ಕೇಳು… ‘ಬರಲಿದೆ.’ ಚೆನ್ನಾಗಿದೆ. ಸುಳ್ಳಲ್ಲ, ಮುಖ ನೋಡು ನಂದು, ಚೆನ್ನಾಗಿದೆ ಕಣೆ! ಬೇರೆ ಥರ ಇದೆ, ಗಟ್ಟಿಯಾಗಿದೆ. ಮೊದಲ ಮಾತು ಯಾರ ಹತ್ರ ಆಡಿದೆ? ಸಿಸ್ಟರ್ ಹತ್ರಾನಾ? ಹಲೋ ಅಂದ್ಯಾ? ಏನಂದೆ? ಹೇಗೆ ಬಂತು? ಊರಿಗೆಲ್ಲ ಕೇಳ್ತಿದೆ, ಆ ಟೀ ಅಂಗಡಿಯವನಿಗೂ ಕೇಳ್ತಿದೆ… ನನಗೊಂದು ಮಾತು… ಒಂದೇ ಒಂದು… ಹೂಂ ಅನ್ನು ಸಾಕು.

ಚಮಚ ಯಾಕೆ ಚಾಚ್ತೀಯ? ನನಗ್ಯಾಕೆ ಚಮಚ?

ಲೋಟಾನೂ…?

ಓ.

ಇಲ್ಲ, ಅರ್ಥ ಆಯ್ತು. ಒಂದು ಸಲ ಹೂಂ, ಎರಡು ಸಲ ಉಹೂಂ. ಸರಿ. ನ್ಯಾಯವೇ. ನಾನಿನ್ನು ಬಾಯಿ ಬಿಡಲ್ಲ, ಪಿಸುಗುಟ್ಟೋದೂ ಇಲ್ಲ. ಅದಕ್ಕೆ ಮುಂಚೆ ಒಂದು ಹೇಳ್ಬಿಡು, ಬೆರಳಲ್ಲಾದ್ರೂ ತೋರ್ಸು…

ಎಷ್ಟು ದಿನ?